ಹೊರೆ ಹೊತ್ತವನಿಗೆ ಬಿದ್ದ ಒಂದು ಏಟು

ನಾನು ನ್ಯಾಯಾಧೀಶೆಯಾದದ್ದು ಕಾಲಿಗೆ ಪೆಟ್ಟಾದ ಕಾರಣಕ್ಕೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕೊಪ್ಪದಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೆ. ಆ ಡಿಸೆಂಬರಿನಲ್ಲಿ ನಮ್ಮ ಕಾಲೇಜಿನ ಸೇವಾ ಶಿಬಿರ ಕಿಗ್ಗದಿಂದ ಸಿರಿಮನೆ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿ ಶಾಲೆಯಲ್ಲಿ ನಡೆಯಿತು. ಬೆಳಿಗ್ಗೆ ಶಾಲೆಯ ಮಣ್ಣುರಸ್ತೆಯ ರಿಪೇರಿ, ಮಧ್ಯಾಹ್ನ ಯಾರದಾದರೂ ಭಾಷಣ, ಸಂಜೆ ಊರಿನವರಿಗಾಗಿ ಒಂದು ಕಾರ್ಯಕ್ರಮ. ಶಿಬಿರ ಶುರುವಾದ ಮಾರನೇ ದಿನವೇ ನಾನು ಚರಂಡಿ ಬಿಡಿಸುವಾಗ ಗುದ್ದಲಿ ಕಲ್ಲಿಗೆ ತಾಗಿ ಜಾರಿ ನನ್ನದೇ ಪಾದದ ಮೇಲೆ ಬಿತ್ತು. ಮೂಳೆಗೇನೂ ಆಗಲಿಲ್ಲ, ಆದರೆ ಕಾಲು ಊದಿಕೊಂಡು ನೆಲಕ್ಕೆ ಊರಲು ಬಾರದಂತಾಯಿತು. ಅಂದಿನಿಂದ ನನಗೆ ಅಡಿಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ.

ಶಿಬಿರದ ಹೊಣೆ ಹೊತ್ತಿದ್ದವರು ನಮ್ಮ ರಾಜ್ಯಶಾಸ್ತ್ರದ ಮೇಷ್ಟ್ರು. ಒಂದು ಸಂಜೆ ಕಾನೂನು ತಿಳಿವಳಿಕೆಗೆ ಮೀಸಲಾಗಿತ್ತು. ಭಾಷಣ ಮಾಡಿದರೆ ಯಾರೂ ಕೂರುವುದಿಲ್ಲ, ಒಂದು ಕೇಸನ್ನೇ ನಡೆಸಿ ತೋರಿಸೋಣ, ಅಣಕು ನ್ಯಾಯಾಲಯ ಮಾಡೋಣ ಎಂದರು ಅವರು. ವಿಷಯ ಏನೆಂಬ ಚರ್ಚೆ ಬಂತು. ವರದಕ್ಷಿಣೆ ಅಂದರು ಕೆಲವರು. ಬಾಲ್ಯವಿವಾಹ ಅಂದರು ಇನ್ನು ಕೆಲವರು. ಮುತ್ತಿನಕೊಪ್ಪದಿಂದ ಬಂದು ನಮ್ಮ ಹಾಸ್ಟೆಲಿನಲ್ಲಿದ್ದ ನನ್ನ ಗೆಳತಿ ಎರಡಕ್ಕೂ ಒಪ್ಪಲಿಲ್ಲ. ಅವನ್ನು ಪ್ರತಿ ವರ್ಷವೂ ಮಾಡುತ್ತಾರೆ, ಈ ಊರಿನವರು ದಿನಾ ಕಣ್ಣೆದುರು ನೋಡುತ್ತಿರುವುದು ಪೊಲೀಸರನ್ನು, ಪೊಲೀಸರು ಯಾವಾಗ ಹೊಡೆಯಬಹುದು ಯಾವಾಗ ಹೊಡೆಯಬಾರದು ಅಂತ ಕೇಸ್ ಮಾಡೋಣ ಅಂದಳು.

ಮೇಷ್ಟ್ರು ಹಿಂದೆಮುಂದೆ ನೋಡಿದರು. ಆ ವರ್ಷಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರೂ ತಾಲ್ಲೂಕುಗಳ ಕಾಡಂಚಿನಲ್ಲಿ ನಕ್ಸಲರಿಗಾಗಿ ಹುಡುಕಾಟ ನಡೆಯುತ್ತಿತ್ತು. ಬಸ್ಸು ನಿಲ್ಲಿಸಿ ಚೀಲ ನೋಡುತ್ತಿದ್ದರು. ಹೊರಜಿಲ್ಲೆಗಳಿಂದ ಬಂದ ಪೊಲೀಸರು ಬಂದೂಕು ಹೊತ್ತು ಗುಡ್ಡ ಹತ್ತಿ ಇಳಿಯುತ್ತಿದ್ದರು. ಹತ್ತು ಜನ ಸೇರುವಲ್ಲೆಲ್ಲ ಠಾಣೆಯಿಂದ ಒಬ್ಬರು ಬಂದು ಕೂರುವುದು ರೂಢಿಯಾಗಿತ್ತು. ನಮ್ಮ ಶಿಬಿರಕ್ಕೂ ಸಂಜೆ ಹೊತ್ತು ಒಬ್ಬ ಹೆಡ್ ಕಾನ್ಸ್‌ಟೇಬಲ್ ಬೈಕಿನಲ್ಲಿ ಬಂದು, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು, ಕಾಫಿ ಕುಡಿದು, ಕಾರ್ಯಕ್ರಮ ಮುಗಿದ ಮೇಲೆ ಹೋಗುತ್ತಿದ್ದರು. ಐವತ್ತರ ಹತ್ತಿರದ ಮನುಷ್ಯ. ಮಾತು ಕಡಿಮೆ.

"ಸರಿ, ಮಾಡಿ," ಅಂದರು ಮೇಷ್ಟ್ರು ಕೊನೆಗೆ. "ಆದ್ರೆ ಕಾಡಿನ ಸುದ್ದಿ ಬೇಡ. ಸಂತೆ ಕಳ್ಳತನ ಒಂದು ಇಟ್ಕೊಳ್ಳಿ."

ಹಾಗೆ ನಮ್ಮ ಕೇಸು ತಯಾರಾಯಿತು. ಸಂತೆಯಲ್ಲಿ ಪಂಪ್‌ಸೆಟ್ಟಿನ ಮೋಟಾರು ಕದ್ದ ಅನುಮಾನದ ಮೇಲೆ ಒಬ್ಬನನ್ನು ಕಾನ್ಸ್‌ಟೇಬಲ್ ಹಿಡಿಯಲು ಹೋಗುತ್ತಾನೆ. ಅವನು ಕಾನ್ಸ್‌ಟೇಬಲನ್ನು ತಳ್ಳಿ ಓಡುತ್ತಾನೆ. ಕಾನ್ಸ್‌ಟೇಬಲ್ ಬೆನ್ನಟ್ಟಿ ಕಾಲಿಗೆ ಲಾಠಿಯಿಂದ ಒಂದು ಏಟು ಹಾಕುತ್ತಾನೆ. ಬಿದ್ದವನಿಗೆ ಇನ್ನೊಂದು ಏಟು ಹಾಕುತ್ತಾನೆ, ಅದರಲ್ಲಿ ಅವನ ಕೈ ಮುರಿಯುತ್ತದೆ. ಈಗ ಕಟಕಟೆಯಲ್ಲಿ ನಿಂತಿರುವುದು ಕಾನ್ಸ್‌ಟೇಬಲ್. ಅವನು ಬಲ ಬಳಸಿದ್ದು ಕಾನೂನಿನ ಪ್ರಕಾರ ಸರಿಯೇ ಅಲ್ಲವೇ ಎಂಬುದು ಪ್ರಶ್ನೆ.

ನನ್ನ ಗೆಳತಿ ಕಾನ್ಸ್‌ಟೇಬಲಿನ ವಿರುದ್ಧ ವಾದಿಸುವ ವಕೀಲೆ. ಕಾನ್ಸ್‌ಟೇಬಲಿನ ಪರವಾಗಿ ಶೃಂಗೇರಿಯವನೊಬ್ಬ, ಭಾಷಣ ಸ್ಪರ್ಧೆಗಳಲ್ಲಿ ಬಹುಮಾನ ತೆಗೆದುಕೊಳ್ಳುತ್ತಿದ್ದ ಹುಡುಗ. ಕಾನ್ಸ್‌ಟೇಬಲ್ ಆದವನು ನರಸಿಂಹರಾಜಪುರದವನು, ನಮ್ಮೆಲ್ಲರಿಗಿಂತ ಎತ್ತರ. ಅವನ ಮಾವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರಿಂದ ಖಾಕಿ ಅಂಗಿ ಸಿಕ್ಕಿತು, ಲಾಠಿಗೆ ಬಿದಿರು ಅಲ್ಲೇ ಸಿಕ್ಕಿತು. ಇಡೀ ನಾಟಕದಲ್ಲಿ ಕೂತುಕೊಂಡೇ ಇರುವ ಪಾತ್ರ ನ್ಯಾಯಾಧೀಶರದು ಮಾತ್ರ. ಅದು ನನಗೆ ಬಂತು. ಮೇಷ್ಟ್ರು ಶೃಂಗೇರಿಯಲ್ಲಿ ತಮಗೆ ಪರಿಚಯದ ವಕೀಲರೊಬ್ಬರಿಂದ ಕಪ್ಪು ಕೋಟು ತಂದುಕೊಟ್ಟರು. ಅದರ ತೋಳು ನನ್ನ ಬೆರಳ ತುದಿ ದಾಟಿ ಇಳಿಯುತ್ತಿತ್ತು. ಒಳಕ್ಕೆ ಮಡಚಿ ಪಿನ್ನು ಹಾಕಿಕೊಂಡೆ.

ಮೇಷ್ಟ್ರು ನಮಗೆ ದಂಡ ಪ್ರಕ್ರಿಯಾ ಸಂಹಿತೆಯ ಒಂದು ಹಳೆಯ ಪ್ರತಿ ಕೊಟ್ಟಿದ್ದರು. ಬಂಧಿಸುವಾಗ ಎದುರಿಸಿದರೆ, ತಪ್ಪಿಸಿಕೊಳ್ಳಲು ನೋಡಿದರೆ, ಪೊಲೀಸರು ಬೇಕಾದ ಎಲ್ಲ ಕ್ರಮ ತೆಗೆದುಕೊಳ್ಳಬಹುದು ಎಂದು ಒಂದು ಕಲಮಿನಲ್ಲಿತ್ತು. ತಪ್ಪಿಸಿಕೊಳ್ಳದಂತೆ ತಡೆಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಮಾಡಬಾರದು ಎಂದು ಇನ್ನೊಂದರಲ್ಲಿತ್ತು. ಹಳ್ಳಿಯವರಿಗೆ ಕಲಮಿನ ನಂಬರು ಹೇಳಬೇಡಿ, ಹೊಡೆಯುವ ಅಧಿಕಾರ ಇತ್ತಾ, ಹೊಡೆಯುವ ಅಗತ್ಯ ಇತ್ತಾ, ಬೇಕಾದಷ್ಟೇ ಹೊಡೆದನಾ, ಇಷ್ಟನ್ನು ಬಿಡಿಸಿ ಹೇಳಿದರೆ ಸಾಕು ಎಂದರು. ತೀರ್ಪು ಏನು ಕೊಡಬೇಕೆಂದು ಕೇಳಿದರೆ, "ಎರಡೂ ಕಡೆ ಕೇಳಿ ನಿಂಗೆ ಅನ್ಸಿದ್ದು ಹೇಳು," ಎಂದು ನನಗೇ ಬಿಟ್ಟರು.

ಆ ಸಂಜೆ ಜನ ನಾವು ಎಣಿಸಿದ್ದಕ್ಕಿಂತ ಹೆಚ್ಚು ಬಂದರು. ಶಾಲೆಯ ಅಂಗಳದಲ್ಲಿ ಚಾಪೆ ಹಾಸಿದ್ದೆವು. ಗದ್ದೆ ಕೊಯ್ಲು ಮುಗಿದಿತ್ತು, ಹಾಗಾಗಿ ಕೂಲಿ ಕೆಲಸದವರೂ ಬೇಗ ಬಂದಿದ್ದರು. ಗಂಡಸರು ಜಗಲಿಯ ಕಡೆ, ಹೆಂಗಸರು ಶಾಲು ಹೊದ್ದು ಚಾಪೆಯ ಮೇಲೆ. ಹೆಡ್ ಕಾನ್ಸ್‌ಟೇಬಲ್ ಎಂದಿನ ಕುರ್ಚಿಯಲ್ಲಿ. ನನ್ನನ್ನು ಇಬ್ಬರು ಹೆಗಲು ಕೊಟ್ಟು ಕರೆತಂದು ಮೇಜಿನ ಹಿಂದೆ ಕೂರಿಸಿದಾಗ ಜನ ನಕ್ಕರು. ಕುಂಟುವ ಜಡ್ಜು ಎಂದು ಯಾರೋ ಅಂದರು. ಅಲ್ಲಿಂದ ಮುಂದೆ ಮಾತ್ರ ಗಂಭೀರವಾಗಿಯೇ ಕೇಳಿದರು.

ಕೇಸು ಚೆನ್ನಾಗಿಯೇ ನಡೆಯಿತು. ಶೃಂಗೇರಿಯ ಹುಡುಗ, ಓಡುವವನನ್ನು ಪೊಲೀಸರು ಹೂವು ಎಸೆದು ಹಿಡಿಯಬೇಕೇ ಎಂದು ಕೇಳಿ ನಗಿಸಿದ. ನನ್ನ ಗೆಳತಿ ಕಾನ್ಸ್‌ಟೇಬಲನ್ನು ಕಟಕಟೆಯಲ್ಲಿ ನಿಲ್ಲಿಸಿ, ಬಿದ್ದವನು ಎದ್ದು ಓಡಲು ನೋಡಿದನೇ ಎಂದು ಬೇರೆಬೇರೆ ರೀತಿಯಲ್ಲಿ ಕೇಳಿದಳು. ಅವನು ತಡವರಿಸಿ ಇಲ್ಲ ಎಂದ. ಹಾಗಾದರೆ ಎರಡನೇ ಏಟು ಯಾಕೆ? ಸಿಟ್ಟು ಬಂದಿತ್ತು ಎಂದ. ರಿಹರ್ಸಲಿನಲ್ಲಿ ಅವನು ಹೇಳುತ್ತಿದ್ದದ್ದು ಬೇರೆ, ಆದರೆ ಅದೇ ನನಗೆ ತೀರ್ಪು ಕೊಡಲು ಸುಲಭ ಮಾಡಿತು. ಓಡುವವನನ್ನು ತಡೆಯಲು ಹಾಕಿದ ಮೊದಲನೇ ಏಟು ಕಾನೂನಿನಲ್ಲಿ ಸರಿ, ಬಿದ್ದ ಮೇಲೆ ಹಾಕಿದ ಎರಡನೇ ಏಟು ತಪ್ಪು, ಅದಕ್ಕೆ ಶಿಕ್ಷೆ ಆಗಬೇಕು ಎಂದು ಓದಿದೆ. ಚಪ್ಪಾಳೆ ಬಿತ್ತು. ಮೇಷ್ಟ್ರು ವಂದನಾರ್ಪಣೆಗೆ ಎದ್ದರು.

ಆಗ ಚಾಪೆಯ ಹಿಂಬದಿಯಿಂದ ಒಬ್ಬ ಹೆಂಗಸು ಎದ್ದು ಮುಂದೆ ಬಂದರು. ನಲವತ್ತರ ಆಸುಪಾಸು. ತೋಟದ ಕೆಲಸಕ್ಕೆ ಹೋಗುವವರು ಸೀರೆಯ ಮೇಲೆ ಹಾಕಿಕೊಳ್ಳುವ ಗಂಡಸರ ಉದ್ದ ತೋಳಿನ ಅಂಗಿ ಹಾಕಿದ್ದರು. ಮೇಜಿನ ಎದುರು ನಿಂತು, ತಮ್ಮದೊಂದು ಕೇಳುವುದಿದೆ ಎಂದರು. ಇದು ನಾಟಕ ಅಮ್ಮಾ, ನಾವೆಲ್ಲ ಕಾಲೇಜಿನವರು ಎಂದು ಮೇಷ್ಟ್ರು ಹೇಳಹೊರಟರು.

"ನಾಟ್ಕ ಅಂತ ಗೊತ್ತಾಗದೆ ಎಂತ," ಅಂದರು ಆಕೆ. "ಯಕ್ಷಗಾನ ಆಟ ನೋಡ್ದೋರೇ ನಾವೂ. ಆದ್ರೆ ಬುಕ್ಕು ನೋಡ್ಕೊಂಡು ಹೇಳಿದ್ರಲ್ಲ ನೀವು, ಅದು ಸುಳ್ಳಲ್ಲ ಅಲ್ದಾ?"

ಅದು ಸುಳ್ಳಲ್ಲ ಎಂದೆ ನಾನು.

"ಹಂಗಾರೆ ನಮ್ಮನೆಯವ್ರಿಗೆ ಬಿದ್ದಿದ್ದು ಒಂದೇ ಏಟು. ಒಂದು ಸರಿ ಅಂದ್ರಿ ನೀವು. ಅದೂ ಸರಿಯಾ?"

ಮೇಷ್ಟ್ರು ಹೆಡ್ ಕಾನ್ಸ್‌ಟೇಬಲಿನ ಕಡೆ ನೋಡಿದರು. ಕಾಡಿನ ಸುದ್ದಿ ಬೇಡ ಎಂದದ್ದು ಅವರೇ. ಆಕೆ ಹೇಳಲಿರುವುದು ಏನಿರಬಹುದೆಂದು ಅಲ್ಲಿದ್ದ ಎಲ್ಲರಿಗೂ ಅಂದಾಜಿತ್ತು. ಹೆಡ್ ಕಾನ್ಸ್‌ಟೇಬಲ್ ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದು ಕೂತು, "ಹೇಳ್ಲಿ ಬಿಡಿ ಸಾರ್," ಅಂದರು.

ಮೇಷ್ಟ್ರು ನನ್ನ ಕಡೆ ತಲೆಯಾಡಿಸಿದರು. ಕೋಟು ತೆಗೆಯಲು ಪಿನ್ನು ಬಿಚ್ಚುತ್ತಿದ್ದವಳು ಹಾಗೇ ಕೂತೆ. ನನ್ನ ಗೆಳತಿ ಆಕೆಯನ್ನು ಕಟಕಟೆಯ ಬೆಂಚಿನ ಹತ್ತಿರ ಕರೆದುಕೊಂಡು ಹೋದಳು. ನಿಲ್ಲಬೇಡಿ, ಕೂತು ಹೇಳಿ ಎಂದಳು. ಆಕೆ ನಿಂತೇ ಹೇಳಿದರು.

ಹಿಂದಿನ ವರ್ಷ, ಬೇಸಿಗೆಗೆ ಮುಂಚೆ, ಆಕೆಯ ಗಂಡ ಒಡೆಯರ ತೋಟಕ್ಕೆ ಸೊಪ್ಪು ತರಲು ಗುಡ್ಡಕ್ಕೆ ಹೋಗಿದ್ದರು. ಸೊಪ್ಪಿನ ಹೊರೆ ತಲೆಯ ಮೇಲೆ ಹೊತ್ತು ಇಳುಕಲಿನಲ್ಲಿ ಬರುವಾಗ ಕೆಳಗೆ ದಾರಿಯಲ್ಲಿ ಪೊಲೀಸರು ನಿಂತಿದ್ದರು. ಒಬ್ಬ ನಿಲ್ಲು ಎಂದ. ಹೊರೆ ಇಳುಕಲಿನಲ್ಲಿ ಇಳಿಸಲು ಬರುವುದಿಲ್ಲ, ಕೆಳಗೆ ಬಂದು ಇಳಿಸುತ್ತೇನೆ ಎಂದು ಇವರು ಇಳಿಯುತ್ತಲೇ ಇದ್ದರು. ಅವನು ಮೇಲೆ ಬಂದು ಹೊರೆ ಹಿಡಿದಿದ್ದ ಕೈಗೆ ಲಾಠಿಯಿಂದ ಒಂದು ಏಟು ಹಾಕಿದ. ಹೊರೆ ಬಿತ್ತು, ಇವರೂ ಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು. ನಾಟಿ ಔಷಧಿ ಕಟ್ಟಿಸಿದರು, ಮೂಳೆ ಸೊಟ್ಟಗೆ ಕೂಡಿತು. ಇವರು ಮರ ಹತ್ತಿ ಅಡಿಕೆ ಕೊನೆ ಇಳಿಸುವವರು, ಆ ಕೈಯಲ್ಲಿ ಈಗ ಹಗ್ಗ ಹಿಡಿಯಲು ಬರುವುದಿಲ್ಲ.

ಇದನ್ನೆಲ್ಲ ಆಕೆ ಅಳದೆ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದರು. ನನ್ನ ಗೆಳತಿ ಕೆಲವು ಪ್ರಶ್ನೆ ಕೇಳಿದಳು. ಓಡಲು ನೋಡಿದ್ದರೇ? ತಲೆ ಮೇಲೆ ಹೊರೆ ಇಟ್ಟುಕೊಂಡು ಎಲ್ಲಿಗೆ ಓಡುವುದು. ಕತ್ತಿ ಕೈಯಲ್ಲಿತ್ತೇ? ಸೊಂಟದಲ್ಲಿತ್ತು, ಸೊಪ್ಪು ಕಡಿಯಲು ಹೋದವರ ಸೊಂಟದಲ್ಲಿ ಕತ್ತಿ ಇಲ್ಲದೆ ಇರುತ್ತದೆಯೇ. ಆಮೇಲೆ ಪೊಲೀಸರು ಏನು ಮಾಡಿದರು? ಹೊರೆ ಬಿಚ್ಚಿ ನೋಡಿದರು, ಹೆಸರು ಕೇಳಿದರು, ಹೋಗು ಎಂದರು.

ಎದುರು ಕಡೆಯವರನ್ನೂ ಕೇಳಬೇಕೆಂದು ಮೇಷ್ಟ್ರು ನಮಗೆ ಕಲಿಸಿದ್ದರು. ಶೃಂಗೇರಿಯ ಹುಡುಗನ ಕಡೆ ನೋಡಿದೆ. ಅವನು ತನಗೆ ಹೇಳುವುದೇನೂ ಇಲ್ಲ ಎಂದ. ಖಾಕಿ ಅಂಗಿ ಹಾಕಿ ನಿಂತಿದ್ದವನ ಕಡೆ ನೋಡಿದೆ. ಅವನು ಲಾಠಿಯನ್ನು ಗೋಡೆಗೆ ಒರಗಿಸಿ ಕೈಕಟ್ಟಿ ನಿಂತುಬಿಟ್ಟಿದ್ದ. ಆ ಪೊಲೀಸಿನ ಪರವಾಗಿ ಹೇಳುವವರು ಯಾರಾದರೂ ಇದ್ದಾರೆಯೇ ಎಂದು ಸಭೆಗೇ ಕೇಳಿದೆ. ಕೇಳಿದ ಮೇಲೆ, ಯಾಕೆ ಕೇಳಿದೆನೋ ಅನ್ನಿಸಿತು.

ಹೆಡ್ ಕಾನ್ಸ್‌ಟೇಬಲ್ ಎದ್ದರು. ತಾನು ಅವತ್ತು ಅಲ್ಲಿರಲಿಲ್ಲ, ಅವರು ತಮ್ಮ ಠಾಣೆಯವರೂ ಅಲ್ಲ, ಹೊರಗಿನಿಂದ ಬಂದವರು ಎಂದು ಮೊದಲು ಹೇಳಿದರು. ಆಮೇಲೆ ನನಗೆ ಹೇಳುವ ಹಾಗೆ ಹೇಳಿದರು: "ಹೊರೆ ಒಳಗೆ ಎಂತ ಇದೆ ಅಂತ ಅವ್ನಿಗೆ ಗೊತ್ತಿಲ್ಲ ನೋಡಿ. ಸೊಪ್ಪಿನೊಳಗೆ ಬಂದೂಕೂ ಇರ್ಬಹುದು. ನಿಲ್ಲು ಅಂದ್ರೂ ಒಬ್ಬ ಬರ್ತಾನೇ ಇದ್ದಾನೆ. ಅವ್ನು ನಮ್ಮ ಕಡೆಯವ್ನಲ್ಲ, ಇಳುಕಲಲ್ಲಿ ಹೊರೆ ಇಳಿಸೋಕೆ ಬರಲ್ಲ ಅನ್ನೋದು ಅವ್ನಿಗೆ ಹೆಂಗೆ ಗೊತ್ತಾಗ್ಬೇಕು? ನಾನು ಸರಿ ಅಂತ ಹೇಳ್ತಿಲ್ಲ. ಅವ್ನ ಪರವಾಗಿ ಹೇಳೋದಾದ್ರೆ ಇಷ್ಟು." ಇಷ್ಟು ಹೇಳಿ ಕೂತರು.

ಅದು ಒಳ್ಳೆಯ ವಾದವಾಗಿತ್ತು. ನಮ್ಮ ಶೃಂಗೇರಿಯ ಹುಡುಗ ಇಡೀ ಸಂಜೆ ಹೇಳಿದ್ದಕ್ಕಿಂತ ಒಳ್ಳೆಯದು. ನನ್ನ ಗೆಳತಿ ಬಿಡಲಿಲ್ಲ. ಹೊರೆಯೊಳಗೆ ಬಂದೂಕಿದ್ದರೂ ತಲೆಯ ಮೇಲಿನ ಹೊರೆಯಿಂದ ಅದನ್ನು ತೆಗೆಯುವುದು ಹೇಗೆ, ಎರಡೂ ಕೈ ಹೊರೆಯ ಮೇಲಿದ್ದವನಷ್ಟು ಅಪಾಯ ಇಲ್ಲದ ಮನುಷ್ಯ ಯಾರಿದ್ದಾರೆ, ಅಷ್ಟು ಜನ ಪೊಲೀಸರು ಅವನು ಕೆಳಗೆ ಬರುವ ತನಕ ಕಾದಿದ್ದರೆ ಏನಾಗುತ್ತಿತ್ತು ಎಂದು ಕೇಳಿದಳು. 

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಮೊದಲಿನ ತೀರ್ಪನ್ನು ಬರೆದುಕೊಂಡು ಬಂದಿದ್ದೆ, ಎರಡು ಸಾಲು ತಿದ್ದಿ ಓದಿದ್ದೆ. ಇದಕ್ಕೆ ಬರೆದದ್ದು ಏನೂ ಇರಲಿಲ್ಲ. ಮೇಷ್ಟ್ರು ಹೇಳಿಕೊಟ್ಟದ್ದನ್ನೇ ಹಿಡಿದು ಹೊರಟೆ. ನಿಲ್ಲಿಸಿ ಕೇಳುವ ಅಧಿಕಾರ ಪೊಲೀಸರಿಗೆ ಇತ್ತು. ಆದರೆ ಹೊಡೆಯುವ ಅಗತ್ಯ ಇತ್ತೇ? ಓಡುವವನನ್ನು ನಿಲ್ಲಿಸಲು ಹೊಡೆಯಬಹುದು, ಇವರು ಓಡುತ್ತಿರಲಿಲ್ಲ, ಪೊಲೀಸರ ಕಡೆಗೇ ಬರುತ್ತಿದ್ದರು. ಕೈಯೆತ್ತಿ ಎದುರಿಸುವವನಿಗೆ ಹೊಡೆಯಬಹುದು, ಇವರ ಕೈ ಹೊರೆಯ ಮೇಲಿತ್ತು. ಆದ್ದರಿಂದ ಏಟು ಒಂದೇ ಆದರೂ ಅದು ಕಾನೂನಿನಲ್ಲಿ ಸರಿಯಲ್ಲ. ಕೊನೆಯ ವಾಕ್ಯ ಹಿಂದೆ ಕೂತವರಿಗೆ ಕೇಳಿಸಲಿಲ್ಲವಂತೆ, ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ ಹೇಳಿದೆ.

ಆಕೆ ಚಪ್ಪಾಳೆಗೇನೂ ಕಾಯದೆ ಕೇಳಿದರು: "ಹಂಗಾರೆ ಇವ್ರದ್ದು ತಪ್ಪಿಲ್ಲ ಅಲ್ದಾ?"

ನನಗೆ ಅರ್ಥವಾಗಲಿಲ್ಲ. ಅವರದ್ದು ತಪ್ಪು ಎಂದು ಇಲ್ಲಿ ಯಾರೂ ಹೇಳಲಿಲ್ಲವಲ್ಲ ಎಂದೆ.

"ಇಲ್ಲಿ ಯಾರೂ ಹೇಳಿಲ್ಲ. ಮನೇಲಿ ಅವ್ರೇ ಹೇಳ್ತಾರೆ. ನಂದೇ ತಪ್ಪು, ಹೊರೆ ಬಿಸಾಕ್ಬೇಕಿತ್ತು, ನಿಲ್ಬೇಕಿತ್ತು ಅಂತ. ಕೈ ನೋಡ್ಕೊಂಡು ಅದೇ ಮಾತು. ವರ್ಷದ ಮೇಲಾತು ಕೇಳಿ ಕೇಳಿ."

ತಪ್ಪಿಲ್ಲ ಎಂದೆ. ಆಕೆ ಸರಿ ಎಂದು ಚಾಪೆಯ ಕಡೆಗೆ ಹೋಗಿ ತಮ್ಮ ಜಾಗದಲ್ಲಿ ಕೂತರು. ಮೇಷ್ಟ್ರು ವಂದನಾರ್ಪಣೆ ಮುಗಿಸಿದರು. ಹೆಡ್ ಕಾನ್ಸ್‌ಟೇಬಲ್ ಹೆಸರೂ ಅದರಲ್ಲಿ ಬಂತು.

ಮರುದಿನ ಬೆಳಿಗ್ಗೆ ಎಲ್ಲರೂ ರಸ್ತೆ ಕೆಲಸಕ್ಕೆ ಹೋಗಿದ್ದರು. ನಾನು ಶಾಲೆಯ ಹಿಂದಿನ ಅಡಿಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತು ಬಸಳೆ ಹೆಚ್ಚುತ್ತಿದ್ದೆ. ಒಬ್ಬರು ಬಂದು ಅಂಗಳದಲ್ಲಿ ನಿಂತು, ನಿನ್ನೆ ಜಡ್ಜಾಗಿದ್ದವರು ಯಾರು ಎಂದು ಅಡಿಗೆಯವರನ್ನು ಕೇಳಿದರು. ಬಲಗೈ ಮಣಿಕಟ್ಟಿನ ಹತ್ತಿರ ಸೊಟ್ಟಗಾಗಿದ್ದನ್ನು ನೋಡಿ, ಕೇಳದೆಯೇ ಇವರು ಯಾರೆಂದು ತಿಳಿಯಿತು.

ಅವರು ಸಿಟ್ಟಿನಲ್ಲಿದ್ದರು. ಊರವರ ಎದುರು, ಪೊಲೀಸಿನವರ ಎದುರು ಮನೆಯ ಸುದ್ದಿ ಹೇಳಿಸಿದ್ದು ಯಾಕೆ, ಇನ್ನು ಯಾರಾದರೂ ಮನೆ ಬಾಗಿಲಿಗೆ ಬಂದರೆ ನೀವು ಬರುತ್ತೀರಾ, ಶಿಬಿರ ಮುಗಿಸಿ ಬಸ್ಸು ಹತ್ತುವವರು ನೀವು ಎಂದರು. ನಾವು ಹೇಳಿಸಲಿಲ್ಲ, ಅವರೇ ಬಂದು ಹೇಳಿದರು ಎಂದೆ. ಅದು ತಮಗೆ ಗೊತ್ತಿದೆ ಎಂದರು. ಏನನ್ನೂ ಬರೆದು ಪೇಪರಿಗೆ ಕಳಿಸಬೇಡಿ ಎಂದರು. ಇಲ್ಲ ಎಂದೆ. ಅಷ್ಟಾದರೂ ಅವರು ಹೋಗಲಿಲ್ಲ. ಅಡಿಗೆಯವರು ಕಾಫಿ ಕೊಟ್ಟರು. ಎಡಗೈಯಲ್ಲಿ ಲೋಟ ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತರು.

"ನೀವು ಎಂತ ಅಂದ್ರಿ ನಿನ್ನೆ?" ಎಂದು ಕೇಳಿದರು, ಒಂದು ಗುಟುಕು ಕುಡಿದು. "ಅವ್ಳು ಹೇಳಿದ್ಳು. ನಿಮ್ಮ ಬಾಯಲ್ಲಿ ಹೇಳಿ."

ನಾನು ಹಿಂದಿನ ಸಂಜೆ ಹೇಳಿದ್ದನ್ನು ಆದಷ್ಟು ಅದೇ ಮಾತುಗಳಲ್ಲಿ ಹೇಳಿದೆ. ಅವರು ನೆಲ ನೋಡಿಕೊಂಡು ಕೇಳಿಸಿಕೊಂಡರು. ಆಮೇಲೆ, ತಮ್ಮ ಹೆಂಡತಿಗೆ ತಾವು ಹೇಳದೆ ಇದ್ದದ್ದು ಒಂದಿದೆ ಎಂದರು. ಅವರು ಸುಮ್ಮನೆ ಇಳಿಯುತ್ತಿರಲಿಲ್ಲ. ನಿಲ್ಲು ಎಂದವನಿಗೆ ಬೈದಿದ್ದರು. ಕತ್ತು ನೋಯುತ್ತಿತ್ತು, ದಿನಾ ಓಡಾಡುವ ದಾರಿಯಲ್ಲಿ ಯಾರೋ ಬಂದು ನಿಲ್ಲು ಎಂದಾಗ ಬಾಯಿಗೆ ಬಂದದ್ದು ಬಂತು. ಕೆಟ್ಟ ಮಾತೇ. ಅವನು ಹುಡುಗ, ಮೀಸೆಯೂ ಸರಿಯಾಗಿ ಬಂದಿರಲಿಲ್ಲ. ಬೈದದ್ದು ಕೇಳಿ ಅವನ ಜೊತೆಯವರು ನಕ್ಕರು. ಆಗ ಅವನು ಮೇಲೆ ಬಂದ. ಹೊಡೆದ ಮೇಲೆ ತನ್ನ ಬಾಟಲಿಯ ನೀರು ಕುಡಿಸಿದವನೂ ಅವನೇ.

"ಈಗ ಹೇಳಿ. ಬೈದಿದ್ದಕ್ಕೆ ಹೊಡೀಬಹುದಾ, ನಿಮ್ಮ ಕಾನೂನಲ್ಲಿ?"

ಇಲ್ಲ ಎಂದೆ. "ಸುಮ್ನೆ ಹೇಳ್ಬೇಡಿ, ನೋಡ್ಕೊಂಡು ಹೇಳಿ," ಎಂದರು. ನಾನು ಒಳಗಿನಿಂದ ಆ ಪುಸ್ತಕ ತರಿಸಿ, ನಮಗೆ ಗುರುತು ಹಾಕಿಕೊಟ್ಟಿದ್ದ ಕಲಮುಗಳನ್ನು ಮತ್ತೆ ಓದಿದೆ. ಬೈದವನನ್ನು ಹೊಡೆಯಬಹುದೆಂದು ಎಲ್ಲೂ ಇರಲಿಲ್ಲ. ಆದರೂ ನನಗೆ ಧೈರ್ಯ ಸಾಲದೆ, ರಸ್ತೆ ಕೆಲಸದಿಂದ ನೀರು ಕುಡಿಯಲು ಬಂದ ಮೇಷ್ಟ್ರನ್ನು ಕೇಳಿದೆ. ಬೈದದ್ದು ಬೇರೆ ತಪ್ಪಾಗಬಹುದು, ಅದಕ್ಕೆ ಬೇಕಾದರೆ ಕೇಸು ಹಾಕಲಿ, ಕೈ ಮುರಿಯುವಂತೆ ಹೊಡೆಯುವ ಹಕ್ಕು ಅದರಿಂದ ಬರುವುದಿಲ್ಲ ಎಂದರು ಅವರು. ಆ ಮನುಷ್ಯ ಲೋಟ ತೊಳೆದಿಟ್ಟು, "ಹಂಗಾ," ಎಂದು ಹೇಳಿ ಎದ್ದು ಹೋದರು. ಸಮಾಧಾನವಾಯಿತೋ ಇಲ್ಲವೋ ಮುಖ ನೋಡಿ ತಿಳಿಯುವಂತಿರಲಿಲ್ಲ.

ಆ ದಿನ ಮಧ್ಯಾಹ್ನ ನನ್ನನ್ನು ಕಾಡಿದ್ದು ಬೇರೆಯೇ ವಿಷಯ. ಒಬ್ಬರ ಮಾತು ಮಾತ್ರ ಕೇಳಿ, ಹೊಡೆದವನನ್ನು ನೋಡದೆ, ಹೊಡೆಸಿಕೊಂಡವರನ್ನೂ ನೋಡದೆ ಇಡೀ ಊರಿನ ಎದುರು ತೀರ್ಪು ಕೊಟ್ಟಿದ್ದೆ. ಬೈದದ್ದು, ನಕ್ಕದ್ದು, ನೀರು ಕುಡಿಸಿದ್ದು ಯಾವುದೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ತೀರ್ಪು ಬದಲಾಗುತ್ತಿರಲಿಲ್ಲ, ಆದರೆ ಹೇಳುವ ರೀತಿ ಬದಲಾಗುತ್ತಿತ್ತು. ಇದನ್ನು ಗೆಳತಿಗೆ ಹೇಳಿದಾಗ ಅವಳು ರೇಗಿದಳು. ನೀರು ಕುಡಿಸಿದರೆ ಮುರಿದ ಕೈ ನೆಟ್ಟಗಾಗುತ್ತದಾ ಮಾರಾಯ್ತಿ ಎಂದಳು. ಅದೂ ನಿಜವೇ.

ಸಂಜೆ ಮೇಷ್ಟ್ರನ್ನು ಠಾಣೆಗೆ ಕರೆಸಿದರು. ಅವರು ಹೆಡ್ ಕಾನ್ಸ್‌ಟೇಬಲಿನ ಬೈಕಿನ ಹಿಂದೆ ಕೂತು ಹೋಗಿ, ಊಟದ ಹೊತ್ತಿಗೆ ವಾಪಸಾದರು. ಏನು ಕೇಳಿದರು ಎಂದರೆ, ಕಾರ್ಯಕ್ರಮಗಳ ಪಟ್ಟಿ ಮೊದಲೇ ಕೊಡಬೇಕಂತೆ ಎಂದಷ್ಟೇ ಹೇಳಿದರು. ಉಳಿದ ಸಂಜೆಗಳಲ್ಲಿ ಭಾವಗೀತೆ, ಕೋಲಾಟ, ಏಕಪಾತ್ರಾಭಿನಯ ಆದವು. ಹೆಡ್ ಕಾನ್ಸ್‌ಟೇಬಲ್ ಎಂದಿನಂತೆ ಬಂದು ಕೂತರು. ಠಾಣೆಗೆ ಸುದ್ದಿ ಮುಟ್ಟಿಸಿದವರು ಅವರೇ ಎಂದು ನಮ್ಮಲ್ಲಿ ಕೆಲವರು ಮುಖ ತಿರುಗಿಸಿಕೊಂಡು ಓಡಾಡಿದರು. ಸುದ್ದಿ ಮುಟ್ಟಿಸುವುದೇ ಅವರ ಕೆಲಸ ಎಂದು ಮೇಷ್ಟ್ರು ನಮ್ಮನ್ನು ಗದರಿದರು. ಒಂದು ಸಂಜೆ ಹೆಡ್ ಕಾನ್ಸ್‌ಟೇಬಲ್ ನನ್ನ ಕಾಲು ಹೇಗಿದೆ ಎಂದು ಕೇಳಿ, ಉಪ್ಪು ನೀರಿನಲ್ಲಿ ಇಡಲು ಹೇಳಿದರು.

ನನ್ನ ಗೆಳತಿ ಮಾತ್ರ ಅಲ್ಲಿಗೆ ಬಿಡುವವಳಾಗಿರಲಿಲ್ಲ. ಶೃಂಗೇರಿಯ ಕೋರ್ಟಿನಲ್ಲಿ ಬಡವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಅಲ್ಲಿ ದೂರು ಬರೆಸಬೇಕು ಎಂದು ಹಠ ಹಿಡಿದಳು. ಶಿಬಿರ ಮುಗಿಯುವ ಹಿಂದಿನ ದಿನ, ನನ್ನ ಕಾಲು ಅಷ್ಟಿಷ್ಟು ಊರಲು ಬಂದಿತ್ತು, ಇಬ್ಬರೂ ಅವರ ಮನೆಗೆ ಹೋದೆವು. ಗಂಡ ಹೆಂಡತಿ ಇಬ್ಬರೂ ಇದ್ದರು. ಜಗಲಿಯಲ್ಲಿ ಕೂರಿಸಿ ಬೆಲ್ಲದ ಕಾಫಿ ಕೊಟ್ಟರು. ಗೆಳತಿ ಎಲ್ಲವನ್ನೂ ವಿವರಿಸಿದಳು. ಗಂಡ ಬೇಡ ಎಂದರು. ಹೊಡೆದವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಈಗ ಎಲ್ಲಿದ್ದಾನೋ, ತಾನು ಯಾರ ಮೇಲೆ ದೂರು ಕೊಡುವುದು ಎಂದರು. ಹೆಸರು ಹುಡುಕುವುದು ವಕೀಲರ ಕೆಲಸ ಎಂದಳು ಗೆಳತಿ. ಕೊನೆಗೆ ಹೆಂಡತಿಯಾದರೂ ತನ್ನ ಕಡೆ ಬರುತ್ತಾರೆಂದು ಅವರ ಕಡೆ ತಿರುಗಿದಳು.

ಆಕೆ ಗಂಡನ ಮುಖ ನೋಡಿದರು, ನಮ್ಮ ಮುಖ ನೋಡಿದರು. "ಅದು ಇವ್ರು ಹೇಳ್ದಂಗೆ," ಅಂದರು. "ನಂಗೆ ಕೇಳ್ಬೇಕಿತ್ತು, ಕೇಳ್ದೆ. ಕೋರ್ಟು ಗೀರ್ಟು ಸುತ್ತೋದು ಇವ್ರು. ಇವ್ರಿಗೆ ಬೇಡದಿದ್ರೆ ಬೇಡ."

ಒಂದು ಮಾತ್ರ ಆಕೆ ಬಿಡಲಿಲ್ಲ. ಶಿಬಿರದ ಕೊನೆಯ ದಿನ ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಬಂದು ಊರಿನವರನ್ನು ಪರೀಕ್ಷೆ ಮಾಡುವುದಿತ್ತು. ಅಲ್ಲಿಗೆ ಕೈ ತೋರಿಸಲು ಗಂಡ ಬರಲೇಬೇಕು ಎಂದು ನಮ್ಮೆದುರೇ ಮಾತು ತೆಗೆದುಕೊಂಡರು. ಬಂದರು ಕೂಡ. ಡಾಕ್ಟರು ಕೈಯನ್ನು ಅತ್ತಿತ್ತ ತಿರುಗಿಸಿ ನೋಡಿ, ಈಗ ಮತ್ತೆ ಮುರಿದು ಕೂಡಿಸಬೇಕು, ದೊಡ್ಡ ಆಸ್ಪತ್ರೆಗೆ ಹೋಗಬೇಕಾಗುತ್ತದೆ, ಅಷ್ಟು ಮಾಡಿದರೂ ಹಗ್ಗ ಹಿಡಿದು ಮರ ಹತ್ತುವಷ್ಟು ಬಲ ಬರುತ್ತದೆಂದು ತಾನು ಹೇಳಲಾರೆ ಎಂದರು. ಬೆರಳುಗಳಿಗೆ ವ್ಯಾಯಾಮ ತೋರಿಸಿಕೊಟ್ಟರು. ಮತ್ತೆ ಮುರಿಸಿಕೊಳ್ಳುವ ಮಾತು ಕೇಳಿ ಆ ಮನುಷ್ಯ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ವಾಪಸು ಬರುವಾಗ ಬಸ್ಸಿನಲ್ಲಿ, ನಾವು ಮಾಡಿದ್ದು ಅರ್ಧ ಕೆಲಸ ಎಂದಳು ನನ್ನ ಗೆಳತಿ. ಡಿಗ್ರಿ ಮುಗಿಸಿ ಅವಳು ಶಿವಮೊಗ್ಗದಲ್ಲಿ ಕಾನೂನು ಓದಿದಳು. ಈಗ ನರಸಿಂಹರಾಜಪುರದ ಕೋರ್ಟಿನಲ್ಲಿ ವಕೀಲೆ. ಖಾಕಿ ಅಂಗಿ ಹಾಕಿದ್ದ ಹುಡುಗ ಪೊಲೀಸ್ ಪರೀಕ್ಷೆ ಬರೆದ, ಎತ್ತರ ಸಾಕಾಯಿತು, ಆಯ್ಕೆಯಾದ. ತರಬೇತಿಗೆ ಹೋಗುವ ಮುಂಚೆ ನಮಗೆಲ್ಲ ಹೇಳಲು ಕೊಪ್ಪಕ್ಕೆ ಬಂದಿದ್ದ. ಗೆಳತಿ ಅವನಿಗೆ ಶುಭಾಶಯ ಹೇಳಿ, ಎರಡನೇ ಏಟು ಯಾಕೆಂದು ಯಾರಾದರೂ ಕೇಳಿದರೆ ಸಿಟ್ಟು ಬಂದಿತ್ತು ಎಂದು ಮಾತ್ರ ಹೇಳಬೇಡ ಎಂದು ರೇಗಿಸಿದಳು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ.

ಆಕೆಯನ್ನು ನಾನು ಮತ್ತೆ ಕಂಡದ್ದು ಎರಡು ಮೂರು ವರ್ಷದ ಮೇಲೆ, ಶೃಂಗೇರಿಯ ಬಸ್ ಸ್ಟ್ಯಾಂಡಿನಲ್ಲಿ. ಮಗಳ ಬಾಣಂತನದ ಸಾಮಾನು ಕೊಳ್ಳಲು ಬಂದಿದ್ದರು. ನನಗೆ ಗುರುತು ಸಿಗಲಿಲ್ಲ, ಆಕೆಯೇ ಹತ್ತಿರ ಬಂದು ಕಾಲು ಸರಿಯಾಯಿತಾ ಎಂದು ಕೇಳಿದರು. ಗಂಡ ಈಗ ಒಂದು ನರ್ಸರಿಯಲ್ಲಿ ಕೆಲಸಕ್ಕೆ ಹೋಗುತ್ತಾರಂತೆ, ಕಾಳುಮೆಣಸಿನ ಬಳ್ಳಿ, ಕಾಫಿ ಸಸಿಗಳ ಚೀಲಕ್ಕೆ ಮಣ್ಣು ತುಂಬುವುದು, ಅದಕ್ಕೆ ಕೈ ಸಾಕಾಗುತ್ತದಂತೆ. ಅಡಿಕೆ ಕೊನೆ ಕೊಯ್ಯುವವರನ್ನು ಕಂಡರೆ ಈಗಲೂ ತಲೆಯೆತ್ತಿ ನೋಡುತ್ತ ನಿಲ್ಲುತ್ತಾರಂತೆ. ತಪ್ಪು ನಂದೇ ಎನ್ನುವುದನ್ನು ಬಿಟ್ಟರಾ ಎಂದು ಕೇಳಿದೆ.

"ಪೂರ್ತಿ ಬಿಡ್ಲಿಲ್ಲ," ಅಂದರು. "ಬೈಬಾರ್ದಿತ್ತು ಅಂತಾರೆ ಈಗ. ಅದೊಂದು ನಂಗೂ ಹೇಳಿದ್ರು ಆಮೇಲೆ. ಬೈಬಾರ್ದಿತ್ತು ಹೌದು ಅಂದೆ ನಾನೂ."

ಆ ವರ್ಷ ಅವರ ಮನೆಯ ಹಸು ಕಾಣೆಯಾಗಿ, ಯಾರೋ ಹೊಡೆದುಕೊಂಡು ಹೋದ ಅನುಮಾನದಲ್ಲಿ ಠಾಣೆಗೆ ಹೋಗಬೇಕಾ ಬೇಡವಾ ಎಂಬ ಮಾತು ಬಂದಿತ್ತಂತೆ. ತಾನು ಹೋಗುತ್ತೇನೆ ಎಂದು ಆಕೆ ಹೊರಟಾಗ, ಗಂಡ ಅಂಗಿ ಹಾಕಿಕೊಂಡು ತಾನೇ ಹೋಗಿ, ಒಳಗೆ ಕೂತು, ದೂರು ಬರೆಸಿ ಬಂದರಂತೆ. ಹಸು ಸಿಗಲಿಲ್ಲ. ಅಷ್ಟರಲ್ಲಿ ಕಿಗ್ಗದ ಬಸ್ಸು ಬಂತು. ಆಕೆಯ ಚೀಲಗಳಲ್ಲಿ ಒಂದನ್ನು ನಾನು ಹಿಡಿದುಕೊಂಡು, ಸೀಟು ಸಿಗುವ ತನಕ ಜೊತೆಗಿದ್ದು, ಕೊಟ್ಟು ಇಳಿದೆ.